ಯಾವ ಓದುಗರ ಗ್ರಂಥಪಾಲಕರು?

ಗದಗ-ಬೆಟಗೇರಿಯ ಮನೆಯೊಂದರಲ್ಲಿ ಡಿಗ್ರಿ ಮುಗಿಸಿದ ಮಗಳು ಗ್ರಂಥಾಲಯ ವಿಜ್ಞಾನದ ಬಿ.ಲಿಬ್. ಪದವಿ ಮಾಡುತ್ತೇನೆ ಅಂದರೆ ಹಿರಿಯರಿಂದ ಬರುವ ಮೊದಲ ಪ್ರಶ್ನೆ, ‘ಅದಕ್ಕ ಪೋಸ್ಟ್ ಎಲ್ಲಿ ಅದಾವ?’ ಈ ಪ್ರಶ್ನೆಯನ್ನು ಅಸಡ್ಡೆ ಮಾಡುವಂತಿಲ್ಲ. ಮಳೆ ನಂಬಿದ ಹೊಲ, ಮಗ್ಗ ನಂಬಿದ ಮನೆ ಇರುವ ಕಡೆ ಒಂದೆರಡು ವರ್ಷದ ಓದು ಏನು ತಂದುಕೊಟ್ಟೀತು ಎಂದು ಲೆಕ್ಕ ಹಾಕುವುದು ಸಹಜ. ತಪ್ಪಿರುವುದು ಪ್ರಶ್ನೆಯ ಸರದಿಯಲ್ಲಿ. ಗ್ರಂಥಪಾಲಕ ಎಂಬ ಒಂದೇ ಹೆಸರಿನ ಹಿಂದೆ ಒಂದಕ್ಕೊಂದು ಹೋಲದ ಐದಾರು ಕಸುಬುಗಳಿವೆ. ಒಂದಕ್ಕಿರುವ ಪರೀಕ್ಷೆ ಇನ್ನೊಂದಕ್ಕೆ ನಡೆಯುವುದಿಲ್ಲ. ಒಂದರ ಸಂಬಳ ಇನ್ನೊಂದರ ಹತ್ತಿರವೂ ಸುಳಿಯುವುದಿಲ್ಲ. ಒಂದರಲ್ಲಿ ಗುಣವಾಗಿ ಕಾಣುವ ಸ್ವಭಾವ ಇನ್ನೊಂದರಲ್ಲಿ ಹೊರೆಯಾಗುತ್ತದೆ. ಇವನ್ನೆಲ್ಲ ಬೇರ್ಪಡಿಸಿ ನೋಡಲು ನನಗೆ ಕಾಣುವ ಅಳತೆಗೋಲು ಒಂದೇ: ಎದುರಿಗೆ ಕೂರುವ ಓದುಗರು ಯಾರು? ಅದು ಗೊತ್ತಾದರೆ ಯಾವ ಪದವಿ, ಯಾವ ಪರೀಕ್ಷೆ, ಎಷ್ಟು ಸಂಬಳ, ಎಷ್ಟು ಕಾಯಬೇಕು ಎಂಬುದೆಲ್ಲ ಅದರ ಬೆನ್ನಿಗೇ ಗೊತ್ತಾಗುತ್ತದೆ. ಪೋಸ್ಟ್‌ನಿಂದ ಶುರು ಮಾಡಿದವರು ಬಹಳ ಸಲ ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟು ಅಧಿಸೂಚನೆಯ ದಾರಿ ಕಾಯುತ್ತ ಕೂರುತ್ತಾರೆ.

ಓದುಗರು ಎಷ್ಟು ಬಗೆ ಎಂಬುದನ್ನು ತಿಳಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. ಗದಗ ಜಿಲ್ಲೆಯೊಳಗೇ ಎಲ್ಲರೂ ಇದ್ದಾರೆ. 2015ರಲ್ಲಿ ಶುರುವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವಿದ್ಯಾರ್ಥಿಗೆ ಬೇಕಿರುವುದು ಹೊಸ ಆವೃತ್ತಿಯ ಪಠ್ಯ ಮತ್ತು ಇತ್ತೀಚಿನ ಸಂಶೋಧನಾ ಲೇಖನ. ಐದು ವರ್ಷ ಹಳೆಯ ಪುಸ್ತಕ ಅಲ್ಲಿ ಕೆಲವೊಮ್ಮೆ ಅಪಾಯವೂ ಹೌದು. ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಸಂಶೋಧಕರು ಕೇಳುವುದು ಸರ್ಕಾರಿ ವರದಿ, ಜನಗಣತಿಯ ಪಟ್ಟಿ, ಪಂಚಾಯಿತಿ ದಾಖಲೆ. ಇವುಗಳಲ್ಲಿ ಅರ್ಧಕ್ಕರ್ಧ ಪುಸ್ತಕದಂಗಡಿಯಲ್ಲಿ ಸಿಗುವ ಸರಕೇ ಅಲ್ಲ. ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜಿನ ಹುಡುಗನಿಗೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಳೆಯ ಪ್ರಶ್ನೆಪತ್ರಿಕೆ ಬೇಕು, ಪ್ರಾಜೆಕ್ಟ್‌ಗೆ ಮಾದರಿ ಬೇಕು. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯ ನವೋದಯ ವಿದ್ಯಾಲಯದಲ್ಲಿ ಮನೆ ಬಿಟ್ಟು ಬಂದ ಹನ್ನೊಂದು ವರ್ಷದ ಮಗುವಿಗೆ ಸಂಜೆಯ ಹೊತ್ತು ತುಂಬುವ ಕಥೆ ಬೇಕು. ಗದುಗಿನ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಬೆಳಿಗ್ಗೆ ಪತ್ರಿಕೆ ಓದುವ ನಿವೃತ್ತರು ಒಂದು ಬಗೆಯವರಾದರೆ, ತಮ್ಮ ಪುಸ್ತಕವನ್ನು ತಾವೇ ಚೀಲದಲ್ಲಿ ತಂದು ಪಿಎಸ್ಐ, ಪಿಡಿಒ ಪರೀಕ್ಷೆಗೆ ಓದುವವರು ಇನ್ನೊಂದು ಬಗೆ. ಈ ಎರಡನೆಯವರು ಗ್ರಂಥಾಲಯದಿಂದ ಕೇಳುವುದು ಪುಸ್ತಕಕ್ಕಿಂತ ಹೆಚ್ಚಾಗಿ ಫ್ಯಾನು, ಬೆಳಕು, ಮೌನ ಮತ್ತು ರಾತ್ರಿ ಇನ್ನೊಂದು ತಾಸು. ಶಿರಹಟ್ಟಿ ಸೀಮೆಯ ಹಳ್ಳಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ, ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳಿಗೆ ಓದಿ ಹೇಳುವ ಒಂದು ದನಿ ಬೇಕು. ಮಠಗಳಲ್ಲಿ ಓಲೆಗರಿ, ಹಳೆಯ ಅಚ್ಚಿನ ಪುರಾಣ ಹುಡುಕಿ ಬರುವವರ ಅಗತ್ಯವೇ ಬೇರೆ. ಇಷ್ಟು ಮಂದಿಗೂ ಉತ್ತರ ಕೊಡುವವರನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಶಾಲೆಯ ಮಾಸ್ತರರನ್ನೂ ವೈದ್ಯಕೀಯ ಪ್ರಾಧ್ಯಾಪಕರನ್ನೂ ‘ಕಲಿಸುವವರು’ ಎಂಬ ಒಂದೇ ಪೋಸ್ಟ್ ಎಂದು ಯಾರೂ ತಿಳಿಯುವುದಿಲ್ಲ. ಗ್ರಂಥಪಾಲಕರ ವಿಷಯದಲ್ಲಿ ಮಾತ್ರ ಹಾಗಾಗಿದೆ.

ಈ ಕಸುಬು ಹೊರಗಿನಿಂದ ಬಂದದ್ದು, ನಮ್ಮ ಕಡೆ ಬೇರಿಲ್ಲದ್ದು ಎಂಬ ಅನಿಸಿಕೆಯೂ ಇದೆ. ಆದರೆ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ 1058ರ ಶಾಸನವೊಂದಿದೆ. (ಗದುಗಿನ ವಿಶ್ವವಿದ್ಯಾಲಯ ಇರುವ ಊರಿಗೂ ಅದೇ ಹೆಸರು ಬಂದದ್ದು ಕಾಕತಾಳೀಯ.) ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದಲ್ಲಿ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರೆಂದು ಆ ಶಾಸನ ಹೇಳುತ್ತದೆ. ಭಂಡಾರಿಗ ಎಂದರೆ ಉಗ್ರಾಣವನ್ನು ನೋಡಿಕೊಳ್ಳುವವನು. ಸರಸ್ವತಿಯ ಉಗ್ರಾಣಕ್ಕೆ ಬೇರೆಯೇ ಜನ ಬೇಕು, ಅದು ಪಾಠ ಹೇಳುವವರು ಬಿಡುವಿನಲ್ಲಿ ಮಾಡುವ ಕೆಲಸವಲ್ಲ ಎಂಬುದನ್ನು ಚಾಲುಕ್ಯರ ಕಾಲವೇ ಒಪ್ಪಿಕೊಂಡಿತ್ತು. ನಮ್ಮ ಕಾಲದ ಎಷ್ಟೋ ಶಾಲೆಗಳಲ್ಲಿ ಆ ಕೆಲಸ ಈಗಲೂ ಕನ್ನಡ ಮಾಸ್ತರರ ಬೀಗದ ಕೈಗೊಂಚಲಲ್ಲಿ ಇರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇನ್ನು ಗದುಗಿನ ಮಗ್ಗುಲಿನ ಲಕ್ಕುಂಡಿಯಲ್ಲಿ 1007ರ ಹೊತ್ತಿಗೆ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಭಂಡಾರಿಗರು ಕಾಯ್ದುಕೊಂಡರು, ಅತ್ತಿಮಬ್ಬೆ ಹಂಚಿದಳು. ಒಂದು ಪ್ರತಿ ಹಾಳಾಗದಂತೆ ನೋಡುವ ಮನಸ್ಸು ಬೇರೆ, ಸಾವಿರ ಪ್ರತಿ ಸಾವಿರ ಕೈ ಸೇರಲಿ ಎನ್ನುವ ಮನಸ್ಸು ಬೇರೆ. ಇಂದಿಗೂ ಈ ಕಸುಬಿಗೆ ಬರುವವರು ತಮ್ಮೊಳಗೆ ಯಾವುದಿದೆ ಎಂದು ಮೊದಲು ನೋಡಿಕೊಳ್ಳಬೇಕಾದ ಎರಡು ಸ್ವಭಾವಗಳು ಇವೇ. ಹಸ್ತಪ್ರತಿ ಭಂಡಾರಕ್ಕೆ ಹೋಗಬೇಕಾದವರು ಮಕ್ಕಳ ಗ್ರಂಥಾಲಯಕ್ಕೆ ಹೋದರೆ ಪುಸ್ತಕ ಹರಿದೀತೆಂಬ ಭಯದಲ್ಲಿ ಬೀಗ ಹಾಕಿಬಿಡುತ್ತಾರೆ. ಹಂಚುವ ಮನಸ್ಸಿನವರನ್ನು ಹಸ್ತಪ್ರತಿಗಳ ಮುಂದೆ ಕೂರಿಸಿದರೆ ವರ್ಷದೊಳಗೆ ಬೇಸತ್ತು ಹೋಗುತ್ತಾರೆ.

ಸ್ವಭಾವ ಮೊದಲೇ ಗೊತ್ತಿರುತ್ತದೆಯೇ ಎಂದು ಕೇಳಬಹುದು. ಬಹಳ ಮಂದಿಗೆ ಗೊತ್ತಿರುವುದಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್.ಆರ್. ರಂಗನಾಥನ್ ಅವರಿಗೇ ಗೊತ್ತಿರಲಿಲ್ಲ. ಗಣಿತದ ಉಪನ್ಯಾಸಕರಾಗಿದ್ದ ಅವರು 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಬೇಸರ ಬಂದು, ನನ್ನನ್ನು ಮತ್ತೆ ತರಗತಿಗೇ ಕಳುಹಿಸಿ ಎಂದು ಬೇಡಿಕೊಂಡರು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯ ನೋಡಿ ಬಾ, ಆಮೇಲೂ ಬೇಡವೆನಿಸಿದರೆ ಹಳೆಯ ಕೆಲಸ ಇದ್ದೇ ಇದೆ ಎಂಬ ಒಪ್ಪಂದದ ಮೇಲೆ ಲಂಡನ್ನಿಗೆ ಹೋದರು. ಅಲ್ಲಿ ಅವರ ಮನಸ್ಸು ತಿರುಗಿಸಿದ್ದು ಪಠ್ಯಕ್ಕಿಂತ ಹೆಚ್ಚಾಗಿ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕಂಡ ಜನ: ಮಕ್ಕಳು, ಗೃಹಿಣಿಯರು, ದುಡಿಯುವವರು. ಮದರಾಸಿನಲ್ಲಿ ಪುಸ್ತಕವಿತ್ತು, ಓದುಗರು ಇರಲಿಲ್ಲ. ಬೇಸರದ ಮೂಲ ಅದೇ ಆಗಿತ್ತು. ತಿರುಗಿ ಬಂದವರು ಇಪ್ಪತ್ತು ವರ್ಷ ಅದೇ ಕುರ್ಚಿಯಲ್ಲಿ ಕುಳಿತರು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆನ್ನುತ್ತದೆ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ಅವರು ಬರೆಯದೆ ಬಿಟ್ಟ, ಆದರೆ ಬದುಕಿನಲ್ಲಿ ಮಾಡಿ ತೋರಿಸಿದ ಇನ್ನೊಂದು ಮಾತಿದೆ: ಗ್ರಂಥಪಾಲಕರಿಗೂ ಅವರ ಓದುಗರು ಸಿಗಬೇಕು. ಹಾಗಾಗಿ ಬಿ.ಲಿಬ್. ಅರ್ಜಿ ತುಂಬುವ ಮೊದಲು ಮಾಡಬಹುದಾದ ಅತ್ಯಂತ ಅಗ್ಗದ ಪರೀಕ್ಷೆ ಒಂದಿದೆ. ಒಂದು ವಾರ ಹಳ್ಳಿಯ ಅರಿವು ಕೇಂದ್ರದಲ್ಲಿ, ಒಂದು ವಾರ ತಾಲ್ಲೂಕಿನ ಶಾಖಾ ಗ್ರಂಥಾಲಯದಲ್ಲಿ, ಅನುಮತಿ ಸಿಕ್ಕರೆ ಒಂದು ವಾರ ಕಾಲೇಜಿನ ಗ್ರಂಥಾಲಯದಲ್ಲಿ, ಪುಸ್ತಕ ಓದದೆ ಜನರನ್ನು ನೋಡುತ್ತ ಕೂರುವುದು. ಯಾರ ಪ್ರಶ್ನೆಗೆ ಎದ್ದು ಹೋಗಿ ಉತ್ತರ ಹುಡುಕಬೇಕೆನಿಸುತ್ತದೆ, ಯಾರ ಪ್ರಶ್ನೆಗೆ ಕಿರಿಕಿರಿಯಾಗುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ‘ನನಗೆ ಓದೋದು ಅಂದ್ರ ಭಾಳ ಪ್ರೀತಿ, ಅದಕ್ಕ ಗ್ರಂಥಪಾಲಕ ಆಗಬೇಕು’ ಎನ್ನುವವರು ಕಡಿಮೆಯಿಲ್ಲ. ಮಿಠಾಯಿ ಇಷ್ಟವೆಂದು ಮಿಠಾಯಿ ಅಂಗಡಿ ಇಟ್ಟಂತೆ ಆದೀತು ಅದು. ಕೆಲಸದ ಹೊತ್ತಿನಲ್ಲಿ ಗ್ರಂಥಪಾಲಕರು ಓದುವುದು ಬಹಳ ಕಡಿಮೆ. ಅವರು ಮಾಡುವುದು, ಬೇರೆಯವರು ಕೇಳುವ ರೀತಿಗೂ ಪುಸ್ತಕ ಕೂತಿರುವ ರೀತಿಗೂ ನಡುವಿನ ಅಂತರವನ್ನು ಮುಚ್ಚುವ ಕೆಲಸ. ಒಂದು ಉದಾಹರಣೆ ಸಾಕು. ಗದುಗಿನ ಓದುಗರು ಬಂದು ‘ಗದುಗಿನ ಭಾರತ ಕೊಡ್ರಿ’ ಎನ್ನುತ್ತಾರೆ. ಮುದ್ರಿತ ಪುಸ್ತಕದ ಮುಖಪುಟದಲ್ಲಿ ‘ಕರ್ಣಾಟ ಭಾರತ ಕಥಾಮಂಜರಿ’ ಎಂದಿರಬಹುದು, ‘ಕುಮಾರವ್ಯಾಸ ಭಾರತ’ ಎಂದಿರಬಹುದು. ಕವಿಯ ಹೆಸರು ಕುಮಾರವ್ಯಾಸನೋ ನಾರಣಪ್ಪನೋ ಎಂಬ ಗೊಂದಲ ಬೇರೆ. ಗ್ರಂಥಾಲಯದ ಸೂಚಿಯಲ್ಲಿ ಈ ಹೆಸರುಗಳನ್ನೆಲ್ಲ ಒಂದಕ್ಕೊಂದು ಕಟ್ಟಿಹಾಕದಿದ್ದರೆ ವೀರನಾರಾಯಣನ ಗುಡಿಯ ಊರಿನಲ್ಲೇ ಪುಸ್ತಕ ಕಪಾಟಿನಲ್ಲಿದ್ದೂ ಓದುಗರು ಬರಿಗೈಯಲ್ಲಿ ಹೋಗುತ್ತಾರೆ. ವರ್ಗೀಕರಣದಲ್ಲೂ ಇಂಥದೇ ತೊಡಕು. ಅಮೆರಿಕದಲ್ಲಿ ಹುಟ್ಟಿದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ 829ರವರೆಗೆ ಇಡೀ ಓಣಿಯೇ ಮೀಸಲು. ಸಾವಿರ ವರ್ಷಕ್ಕೂ ಮಿಕ್ಕಿದ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಒಂದು ಕೋಣೆ. ಕನ್ನಡ ಪುಸ್ತಕವೇ ಮುಕ್ಕಾಲು ಪಾಲು ಇರುವ ಲಕ್ಷ್ಮೇಶ್ವರದ ಗ್ರಂಥಾಲಯದಲ್ಲಿ ಅದನ್ನು ಹಾಗೆಯೇ ಅನುಸರಿಸಿದರೆ ಪ್ರತಿ ಬೆನ್ನಿನ ಮೇಲೂ ಅದೇ ಉದ್ದದ ಅಂಕಿ ಕೂತು ಯಾರಿಗೂ ಉಪಯೋಗವಿಲ್ಲದಂತಾಗುತ್ತದೆ. ಪಂಪ ತನ್ನ ಕಾವ್ಯಭಾಷೆಗೆ ತಿರುಳೆಂದು ಕರೆದ ಪುಲಿಗೆರೆಯ ಕನ್ನಡ ಇದೇ ಲಕ್ಷ್ಮೇಶ್ವರದ್ದು ಎಂಬುದನ್ನು ನೆನೆದರೆ ಈ ಅಂಕಿ ಇನ್ನಷ್ಟು ತಮಾಷೆಯಾಗಿ ಕಾಣುತ್ತದೆ. ಇಂಥ ಒಗಟನ್ನು ಬಿಡಿಸುವುದರಲ್ಲಿ ಖುಷಿ ಕಾಣುವವರಿಗೆ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ದಾರಿ ಹೊಂದುತ್ತದೆ. ಓದುವ ಪ್ರೀತಿ ಇದ್ದು ಒಗಟಿನ ಪ್ರೀತಿ ಇಲ್ಲದವರು ಒಳ್ಳೆಯ ಓದುಗರಾಗಿಯೇ ಉಳಿಯುವುದು ಮೇಲು. ಒಳ್ಳೆಯ ಓದುಗರ ಕೊರತೆಯೂ ನಮಗಿದೆ.

ಈಗ ಮೊದಲ ಆಕ್ಷೇಪಕ್ಕೆ ಬರೋಣ: ಓದುಗರನ್ನು ಆರಿಸಿಕೊಂಡೆವು ಅನ್ನಿ, ಪೋಸ್ಟ್ ಎಲ್ಲಿದೆ? ಬಾಗಿಲುಗಳು ಎಲ್ಲೆಲ್ಲಿವೆ ಎಂದು ನೋಡೋಣ. ಕಾಲೇಜು, ವಿಶ್ವವಿದ್ಯಾಲಯದ ಓದುಗರನ್ನು ಆರಿಸಿದವರಿಗೆ ದಾರಿ ಉದ್ದ, ಸಂಬಳ ಒಳ್ಳೆಯದು. ಯುಜಿಸಿಯ 2018ರ ನಿಯಮದಂತೆ ಎಂ.ಲಿಬ್.ನಲ್ಲಿ ಕನಿಷ್ಠ ಶೇ 55 ಅಂಕ ಬೇಕು, ಅದರ ಮೇಲೆ ನೆಟ್ ಅಥವಾ ಕೆ-ಸೆಟ್ ಬೇಕು. ಯುಜಿಸಿ ಶ್ರೇಣಿಯ ಹುದ್ದೆ ಸಿಕ್ಕರೆ ಕಾಲೇಜು ಗ್ರಂಥಪಾಲಕರ ಆರಂಭಿಕ ಮೂಲವೇತನ 57,700 ರೂಪಾಯಿ, ಸಹಾಯಕ ಪ್ರಾಧ್ಯಾಪಕರಷ್ಟೇ. ಇದು ಬಹಳ ಮಂದಿ ತಂದೆತಾಯಿಗೆ ಗೊತ್ತಿಲ್ಲದ ಸಂಗತಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ದಾರಿ ಕೆಪಿಎಸ್‌ಸಿ ಮೂಲಕ. ಅಲ್ಲಿ ಕಾಯುವುದೇ ಒಂದು ತಪಸ್ಸು, ಆದರೆ ಸಿಕ್ಕ ಮೇಲೆ ಕೆಲಸ ಗಟ್ಟಿ. ನವೋದಯ ಮತ್ತು ಕೇಂದ್ರೀಯ ವಿದ್ಯಾಲಯಗಳಲ್ಲಿ ಗ್ರಂಥಪಾಲಕರಿಗೆ ಪ್ರತ್ಯೇಕ ಹುದ್ದೆಯೇ ಇದೆ, ನೇಮಕ ಅಖಿಲ ಭಾರತ ಮಟ್ಟದ್ದು. ಮುಂಡರಗಿಯ ಹುಡುಗಿ ಆ ಪರೀಕ್ಷೆ ಬರೆದರೆ ಮೊದಲ ನೇಮಕ ಅಸ್ಸಾಮಿನಲ್ಲೂ ಆಗಬಹುದು, ಅದಕ್ಕೆ ಮನೆ ತಯಾರಿರಬೇಕು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳ ನಿಯಮವೇ ಗ್ರಂಥಾಲಯವನ್ನೂ ಅದನ್ನು ನಡೆಸುವವರನ್ನೂ ಕೇಳುವುದರಿಂದ ಖಾಸಗಿಯಲ್ಲೂ ಕೆಲಸ ಇರುತ್ತದೆ, ಸಂಬಳ ಆಡಳಿತ ಮಂಡಳಿಯ ಮನಸ್ಸಿಗೆ ಬಿಟ್ಟದ್ದು. ಹಳ್ಳಿಯ ಓದುಗರನ್ನು ಆರಿಸಿದವರ ಸ್ಥಿತಿ ಎಲ್ಲಕ್ಕಿಂತ ಕಠಿಣ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು, ಆಮೇಲೆ ಅರಿವು ಕೇಂದ್ರ ಎಂಬ ಹೆಸರು ಪಡೆದವು. ಹೆಸರು ಚೆಂದ, ಕೆಲಸವೂ ದೊಡ್ಡದು. ಅಲ್ಲಿನ ಮೇಲ್ವಿಚಾರಕರು ಗೌರವಧನದ ಮೇಲೆ ವರ್ಷಾನುಗಟ್ಟಲೆ ದುಡಿದವರು, ಸೇವಾ ಭದ್ರತೆಗಾಗಿ ಬೀದಿಗಿಳಿದವರು. ಆ ಓದುಗರನ್ನು ಪ್ರೀತಿಸುವವರಿಗೆ ಇದನ್ನು ಮುಚ್ಚಿಟ್ಟು ‘ಸೇವೆ’ ಎಂದು ಹುರಿದುಂಬಿಸುವುದು ಅನ್ಯಾಯ.

ಹುದ್ದೆ ಕಡಿಮೆ ಎಂಬ ದೂರು ನಿಜ. ಆದರೆ ಹುದ್ದೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ನೋಡಬೇಕು. ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಾಗಿದ್ದಾಗ, ಮದರಾಸಿನ 1948ರ ಮತ್ತು ಆಂಧ್ರದ 1960ರ ಕಾನೂನುಗಳ ನಂತರ, ಮೈಸೂರು ರಾಜ್ಯ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. 1966ರ ನವೆಂಬರ್ 1ರಂದು ಅದು ಜಾರಿಗೆ ಬಂತು. ಅದರಂತೆ ಸ್ಥಳೀಯ ಸಂಸ್ಥೆಗಳ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ. ಬೆಟಗೇರಿಯ ನೇಕಾರರು ಮನೆಪಟ್ಟಿ ತುಂಬುವಾಗ ಗ್ರಂಥಾಲಯಕ್ಕೂ ದುಡ್ಡು ಕೊಟ್ಟಿರುತ್ತಾರೆ, ರಸೀದಿಯಲ್ಲಿ ಆ ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ ಅಷ್ಟೆ. ಕರ ವಸೂಲಾಗಿ, ಸರಿಯಾಗಿ ಗ್ರಂಥಾಲಯಕ್ಕೆ ಸೇರಿ, ಅದರಿಂದ ಪುಸ್ತಕವೂ ಸಿಬ್ಬಂದಿಯೂ ಬರಬೇಕೆಂದರೆ ‘ನಮ್ಮ ಆರು ಪೈಸೆ ಏನಾಯಿತು’ ಎಂದು ಕೇಳುವ ಓದುಗರು ಬೇಕು. ಓದುಗರು ಗಿಜಿಗುಟ್ಟುವ ಗ್ರಂಥಾಲಯದಲ್ಲಿ ಖಾಲಿ ಹುದ್ದೆ ಸುದ್ದಿಯಾಗುತ್ತದೆ. ಧೂಳು ಹಿಡಿದ ಗ್ರಂಥಾಲಯದಲ್ಲಿ ಹುದ್ದೆ ಖಾಲಿಯಿದ್ದದ್ದು ಲೆಕ್ಕ ತಪಾಸಣೆಯವರಿಗೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಚೂಪಾದದ್ದು. ಓದುಗರನ್ನು ಆರಿಸುವುದು ಉಳ್ಳವರ ಮಾತು. ಬಡವರ ಮನೆಯಲ್ಲಿ ಸಿಕ್ಕಿದ್ದೇ ಕೆಲಸ. ಇದನ್ನು ತಳ್ಳಿಹಾಕಲಾರೆ. ಆದರೆ ಈ ಆಯ್ಕೆಗೆ ಖರ್ಚಿಲ್ಲ ಎಂಬುದನ್ನು ಗಮನಿಸಬೇಕು. ಆಯ್ಕೆ ಮಾಡದಿದ್ದಾಗಲೇ ಖರ್ಚು ಹೆಚ್ಚು. ಹಳ್ಳಿಯ ಮಕ್ಕಳ ಗ್ರಂಥಾಲಯವೇ ಸಾಕು ಎನ್ನುವವರು ಎಂ.ಲಿಬ್., ನೆಟ್ ಎಂದು ಮೂರು ನಾಲ್ಕು ವರ್ಷ ಧಾರವಾಡದಲ್ಲಿ ರೂಮಿನ ಬಾಡಿಗೆ ಕಟ್ಟಬೇಕಿಲ್ಲ. ವಿಶ್ವವಿದ್ಯಾಲಯದ ಕಡೆ ಮುಖ ಮಾಡಿದವರು ದೂರಶಿಕ್ಷಣದ ಬಿ.ಲಿಬ್. ಒಂದನ್ನೇ ಹಿಡಿದು ಹತ್ತು ವರ್ಷ ಕಾಯುವುದರಲ್ಲಿ ಅರ್ಥವಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗ ಧಾರವಾಡದಲ್ಲೇ ಇದೆ. ಕೆಲಸ ಮಾಡುತ್ತ ಓದಬೇಕೆನ್ನುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಇವೆ. ದೂರಶಿಕ್ಷಣದಲ್ಲಿ ತಪ್ಪಿಲ್ಲ. ಪುಸ್ತಕ ಮುಟ್ಟದೆ, ಸೂಚಿ ಮಾಡದೆ, ಕೋಹಾದಂಥ ತಂತ್ರಾಂಶ ತೆರೆಯದೆ ಕೇವಲ ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಡೆದ ಪದವಿಯಲ್ಲಿ ತಪ್ಪಿದೆ, ಅದು ಎಲ್ಲಿಂದ ಬಂದಿರಲಿ. ಕೋಹಾ ನ್ಯೂಜಿಲೆಂಡಿನ ಒಂದು ಸಣ್ಣ ಪ್ರಾದೇಶಿಕ ಗ್ರಂಥಾಲಯ ತನ್ನ ತೊಂದರೆ ನೀಗಿಸಿಕೊಳ್ಳಲು ಮಾಡಿಸಿದ ತಂತ್ರಾಂಶ. ಇಂದು ಅದು ಯಾರಿಗೂ ದುಡ್ಡಿಲ್ಲದೆ ಸಿಗುತ್ತದೆ. ಗದುಗಿನ ಯಾವ ಕಂಪ್ಯೂಟರಿನಲ್ಲಾದರೂ ಹಾಕಿಕೊಂಡು ಮನೆಯ ನೂರು ಪುಸ್ತಕಗಳ ಸೂಚಿ ಮಾಡಿ ನೋಡಬಹುದು. ಸಂದರ್ಶನದಲ್ಲಿ ಆ ನೂರು ಪುಸ್ತಕ, ಹತ್ತು ಪ್ರಮಾಣಪತ್ರಗಳಿಗಿಂತ ಹೆಚ್ಚು ಮಾತಾಡುತ್ತವೆ.

ಇನ್ನು ಎಲ್ಲರ ಬಾಯಲ್ಲಿರುವ ಆಕ್ಷೇಪ: ಮೊಬೈಲ್ ಬಂತು, ಈಗ ಕೇಳಿದ್ದಕ್ಕೆಲ್ಲ ಉತ್ತರ ಬರೆಯುವ ಯಂತ್ರವೂ ಬಂತು, ಗ್ರಂಥಪಾಲಕರು ಯಾಕೆ? 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರುವಾದಾಗಲೂ ಇದೇ ಮಾತು ಕೇಳಿಬಂತು. ಪುಸ್ತಕವನ್ನು ಕೌಂಟರಿನಾಚೆ ದಾಟಿಸುವುದಷ್ಟೇ ಕೆಲಸ ಎಂದುಕೊಂಡವರಿಗೆ ಈ ಭಯ ಸರಿಯಾದದ್ದೇ. ಆ ಕೆಲಸ ಹೋಗುತ್ತಿದೆ. ಆದರೆ ಯಂತ್ರ ಎಲ್ಲಿ ಎಡವುತ್ತದೆ ನೋಡಿ. ನಮ್ಮ ಕಡೆಯ ಅಡ್ಡಹೆಸರುಗಳು ಊರಿನಿಂದ ಬಂದವು. ‘ಬೆಟಗೇರಿ ಕೃಷ್ಣಶರ್ಮ’ ಎಂಬ ಹೆಸರು ಕಂಡೊಡನೆ, ನಗರಸಭೆಯ ಹೆಸರಿನಲ್ಲೇ ಬೆಟಗೇರಿ ಇರುವ ಗದುಗಿಗೆ ಅವರನ್ನು ಸೇರಿಸಿಬಿಡುವುದು ಸುಲಭ. ಆದರೆ ಆನಂದಕಂದ ಎಂಬ ಕಾವ್ಯನಾಮದ ಆ ಕವಿ ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನ ಬೆಟಗೇರಿಯವರು. ಎರಡು ಬೆಟಗೇರಿ, ಎರಡು ನಾಗಾವಿ, ಒಂದೇ ಹೆಸರಿನ ಹತ್ತು ಪಾಟೀಲರು, ಕಾವ್ಯನಾಮವೊಂದು, ಊರ ಹೆಸರೊಂದು, ದೀಕ್ಷಾನಾಮವೊಂದು ಇರುವ ಸ್ವಾಮಿಗಳು: ಇವರನ್ನು ಬೇರ್ಪಡಿಸಿ, ಇದು ಇವರದೇ ಪುಸ್ತಕ ಎಂದು ಖಚಿತವಾಗಿ ಬರೆದಿಡುವವರು ಇಲ್ಲದಿದ್ದರೆ ಯಂತ್ರ ತಪ್ಪನ್ನೇ ವೇಗವಾಗಿ ಹರಡುತ್ತದೆ. ಅದೂ ಅಲ್ಲದೆ ಗದಗ ಹಳೆಯ ಮುದ್ರಣ ಕೇಂದ್ರ. ಬಿ.ಜಿ. ಸಂಕೇಶ್ವರ ಕಂಪನಿಯ ನಿಘಂಟುಗಳು, ಶಾಬಾದಿಮಠ ಬುಕ್ ಡಿಪೋದ ಪುರಾಣಗಳು, ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಯ ಸಂಶೋಧನ ಗ್ರಂಥಗಳು ಇಲ್ಲಿಂದ ನಾಡಿಗೆಲ್ಲ ಹೋದವು. ಸಣ್ಣ ಮುದ್ರಣಾಲಯಗಳು ಅಚ್ಚು ಹಾಕಿದ ಜಾತ್ರೆಯ ಹಾಡಿನ ಪುಸ್ತಕ, ಬಯಲಾಟದ ಪ್ರತಿ, ಸಹಕಾರಿ ಸಂಘದ ವರದಿಗಳನ್ನು ಲೆಕ್ಕ ಇಟ್ಟವರಾರು? 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘ ಹುಟ್ಟಿದ ಜಿಲ್ಲೆ ಇದು. ಜಾಲದಲ್ಲಿ ಇಲ್ಲದ್ದನ್ನು ಮೊಬೈಲ್ ತೋರಿಸಲಾರದು. ಜಾಲಕ್ಕೆ ಏರಿಸುವ ಮೊದಲು ಯಾರಾದರೂ ಹುಡುಕಿ, ಧೂಳು ಜಾಡಿಸಿ, ಸ್ಕ್ಯಾನ್ ಮಾಡಿ, ಹೆಸರು ಕೊಡಬೇಕು. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ತಂಜಾವೂರು ಕಡೆಯಿಂದ ಬಂದ ಓಲೆಗರಿಯ ಕಟ್ಟನ್ನು ಬಿಚ್ಚಿ, ಇದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಇದೇ ಕೆಲಸದಿಂದ. ಕಟ್ಟು ಬಿಚ್ಚುವವರು ಇಲ್ಲದಿದ್ದರೆ ಅದು ಬರೀ ಕಟ್ಟಾಗಿಯೇ ಇರುತ್ತಿತ್ತು.

ಯಂತ್ರ ಬಂದ ಮೇಲೆ ಗ್ರಂಥಪಾಲಕರ ಕೆಲಸ ಹೆಚ್ಚಿಸಿದ ಓದುಗರ ಗುಂಪೊಂದು ಗದುಗಿನ ಮಟ್ಟಿಗೆ ವಿಶೇಷ: ಕಣ್ಣು ಕಾಣದವರು. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದ ಊರು ಇದು. ಕಣ್ಣಿಲ್ಲದವರು ಕಲಿಯುತ್ತಾರೆ, ಹಾಡುತ್ತಾರೆ, ಬರೆಯುತ್ತಾರೆ ಎಂಬುದು ಇಲ್ಲಿನ ಜನಕ್ಕೆ ಹೊಸದಲ್ಲ. 2012ರ ತಿದ್ದುಪಡಿಯಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆ, ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ ಪುಸ್ತಕದ ಪ್ರತಿ ಮಾಡಲು ಅವಕಾಶ ಕೊಟ್ಟಿತು. ಇದೇ ವಿಷಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಜಾಲ ಗ್ರಂಥಾಲಯ ಬಂತು. ಕಾನೂನು ಬಾಗಿಲು ತೆರೆದಿದೆ, ಒಳಗಿಡುವ ಕನ್ನಡ ಪುಸ್ತಕ ಸಾಲದು. ಕಾರಣ ಬಹಳ ಸಣ್ಣದು, ಬಹಳ ಕನ್ನಡದ್ದು: ವರ್ಷಗಟ್ಟಲೆ ನಮ್ಮ ಡಿಟಿಪಿಯವರು ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಪುಟ ಕಟ್ಟಿದರು. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿನ ಕಿವಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರ ತಿದ್ದಿ, ಅಧ್ಯಾಯ ಗುರುತಿಸಿದರೆ ಮಾತ್ರ ಓದಿ ಹೇಳುವ ತಂತ್ರಾಂಶಕ್ಕೂ ಭಾರತಿ ಬ್ರೈಲಿಗೂ ಅದು ದಕ್ಕುತ್ತದೆ. ಗ್ರಂಥಾಲಯ ವಿಜ್ಞಾನ, ಕನ್ನಡ, ಸ್ವಲ್ಪ ಕಂಪ್ಯೂಟರ್ ಮೂರೂ ಬಲ್ಲ ಯುವಕರಿಗೆ ಇದು ಮನೆಯಲ್ಲೇ ಕೂತು ಮಾಡಬಹುದಾದ ಕಸುಬು. ಇದಕ್ಕೆ ಕೆಪಿಎಸ್‌ಸಿ ಅಧಿಸೂಚನೆ ಬರುವುದಿಲ್ಲ. ಪ್ರಕಾಶಕರು, ವಿಶ್ವವಿದ್ಯಾಲಯಗಳು, ಅಂಧರ ಸಂಸ್ಥೆಗಳು ಕೆಲಸ ಲೆಕ್ಕ ಹಾಕಿ ಹಣ ಕೊಡುವ ಬಗೆಯದು.

ಕೊನೆಯದಾಗಿ, ಇನ್ನೂ ಯಾರೂ ಹುದ್ದೆ ಸೃಷ್ಟಿಸದ ಓದುಗರ ಬಗ್ಗೆ. ಸಂಸ್ಥಾನಗಳ ಕಾಲದಲ್ಲಿ ಗದಗ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಅವುಗಳ ಮಗ್ಗುಲಲ್ಲೇ ಇದ್ದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಅಲ್ಲಿನ ಕಚೇರಿಯ ಭಾಷೆ ಮರಾಠಿ, ಹಳೆಯ ಕಾಗದಗಳ ಲಿಪಿ ಮೋಡಿ. ಹೀಗಾಗಿ ಗದುಗಿನವರು ತಮ್ಮ ಊರಿನ ಚರಿತ್ರೆಯನ್ನು ಮುಂಬಯಿ ಗೆಜೆಟಿಯರಿನಲ್ಲಿ ಹುಡುಕಿಕೊಂಡರೆ, ಒಂದು ತಾಸು ದೂರದ ಶಿರಹಟ್ಟಿಯವರು ಮುತ್ತಜ್ಜನ ಹೊಲದ ಇನಾಮು, ಫಕೀರೇಶ್ವರ ಮಠಕ್ಕೆ ಬಿಟ್ಟ ಜಮೀನು, ಕೆರೆಯ ಪಾಳಿ ಇವುಗಳ ದಾಖಲೆಗಾಗಿ ಬೇರೆ ರಾಜ್ಯದ ದಫ್ತರಗಳ ಕಡೆ ಮುಖ ಮಾಡಬೇಕಾಗುತ್ತದೆ. ಕಾಗದ ಸಿಕ್ಕರೂ ಓದಲು ಬರುವುದಿಲ್ಲ. ಬಿ.ಲಿಬ್. ಪಠ್ಯದಲ್ಲಿ ಮೋಡಿ ಲಿಪಿ ಇಲ್ಲ. ಮೋಡಿ ಕಲಿತವರಿಗೆ ಸೂಚಿ ಮಾಡಲು ಬರುವುದಿಲ್ಲ. ಎರಡನ್ನೂ ಕಲಿತು, ಶಿರಹಟ್ಟಿ ಲಕ್ಷ್ಮೇಶ್ವರಗಳ ಮನೆಮನೆಯ ಪೆಟ್ಟಿಗೆಗಳಲ್ಲಿ ಬಟ್ಟೆ ಸುತ್ತಿ ಇಟ್ಟ ಕಾಗದಗಳಿಗೆ ಒಂದು ಕನ್ನಡ ಸೂಚಿ ಮಾಡಲು ಹೊರಟವರಿಗೆ ಇಂದು ಸಂಬಳ ಕೊಡುವವರು ಯಾರೂ ಇಲ್ಲ. ನಾಗಾವಿಯ ವಿಶ್ವವಿದ್ಯಾಲಯವೋ ಒಂದು ಮಠವೋ ಸಂಶೋಧನಾ ಯೋಜನೆಯಾಗಿ ಎತ್ತಿಕೊಂಡರೆ ಮೊದಲ ವರ್ಷಕ್ಕೆ ಬೇಕಾಗುವುದು ಒಬ್ಬರು ಗ್ರಂಥಪಾಲಕರು, ಒಂದು ಸ್ಕ್ಯಾನರ್, ಮೋಡಿ ಓದಬಲ್ಲ ಒಬ್ಬ ಹಿರಿಯರು.